ಅಪ್ಪನಿಗೆ ಕುಡಿಸಿದ ಮಗ

ನಮ್ಮಪ್ಪ ಕುಡಿಯುತ್ತಿರಲಿಲ್ಲ. ಒಂದು ದಿನವೂ ಇಲ್ಲ, ಒಂದು ತೊಟ್ಟೂ ಇಲ್ಲ. ಮದುವೆಮನೆಯ ಬಾಡೂಟದಲ್ಲಿ ಪಕ್ಕದವರು ಬಲವಂತ ಮಾಡಿದಾಗಲೂ ಇಲ್ಲ, ಎಲೆಕ್ಷನ್ ಕಾಲದಲ್ಲಿ ಬಿಟ್ಟಿ ಸಿಕ್ಕಾಗಲೂ ಇಲ್ಲ. ಹದಿನಾಲ್ಕು ವರ್ಷ ನಾನು ಮೈಕು ಹಿಡಿದುಕೊಂಡು, ಬೇಕಾದಾಗ ಕಣ್ಣಲ್ಲಿ ನೀರು ತಂದುಕೊಂಡು, ನಮ್ಮ ತಂದೆ ಮಹಾ ಕುಡುಕರಾಗಿದ್ದರು ಎಂದು ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಯ ಸಭೆಗಳಲ್ಲಿ ಹೇಳಿದ್ದೆಲ್ಲ ಸುಳ್ಳು. ಅವನು ನಮ್ಮವ್ವನಿಗೆ ಹೊಡೆಯುತ್ತಿದ್ದ ಎಂದದ್ದು ಸುಳ್ಳು. ಅವಳ ತಾಳಿ ಅಡವಿಟ್ಟು ಕುಡಿದ ಎಂದದ್ದಂತೂ — ಅದು ನನ್ನ ಸ್ವಂತ ಸುಳ್ಳೂ ಅಲ್ಲ. ಮಾಗಡಿ ಕಡೆಯ ಒಬ್ಬ ಬ್ರದರ್ ತನ್ನ ಸಾಕ್ಷಿಯಲ್ಲಿ ಹೇಳಿದ್ದನ್ನು ಕದ್ದು ನಮ್ಮಪ್ಪನ ತಲೆಗೆ ಕಟ್ಟಿದ್ದು. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಅದೂ ಇರಲಿಲ್ಲ.

ನಮ್ಮ ಸಭೆಗಳ ರೂಢಿ ಗೊತ್ತಿಲ್ಲದವರಿಗೆ ಸಾಕ್ಷಿ ಎಂದರೇನು ಎಂದು ಹೇಳಬೇಕು. ಆರಾಧನೆಯ ನಡುವೆ ಯಾರಾದರೊಬ್ಬರು ಎದ್ದು ನಿಂತು, ಕರ್ತನು ತಮ್ಮ ಬದುಕಿನಲ್ಲಿ ಏನು ಮಾಡಿದ ಎಂದು ಎಲ್ಲರ ಎದುರು ಹೇಳುತ್ತಾರೆ. ಒಳ್ಳೆಯ ಪದ್ಧತಿಯೇ. ಕಳೆ ಕೀಳುವ ಕೂಲಿ ಹೆಂಗಸೊಬ್ಬಳು ಜನ್ಮದಲ್ಲಿ ಮೊದಲ ಸಲ ಜನರೆದುರು ನಿಂತು ತನ್ನ ಬದುಕನ್ನು ತನ್ನ ಬಾಯಿಂದ ಹೇಳುವುದನ್ನು ಕೇಳಿ ನಾನು ಅತ್ತಿದ್ದೇನೆ. ಆ ಅಳು ನಿಜದ್ದು, ನಂಬುವುದಾದರೆ ನಂಬಿ. ಆದರೆ ಯಾವ ಒಳ್ಳೆಯ ಪದ್ಧತಿಯ ಪಕ್ಕದಲ್ಲೂ ನಮ್ಮಂಥವರು ಒಂದು ಅಂಗಡಿ ತೆರೆದುಬಿಡುತ್ತೇವೆ. ಸಾಕ್ಷಿಗೂ ತೂಕ, ಅಳತೆ ಬಂತು. ರೌಡಿಯಾಗಿದ್ದವನಿಗೆ ಮೊದಲ ಮಣೆ. ಮಾಟಮಂತ್ರ ಮಾಡುತ್ತಿದ್ದೆ ಎನ್ನುವವಳಿಗೆ ಅದರ ಪಕ್ಕದ್ದು. ಮೂರು ಸಲ ವಿಷ ಕುಡಿದು ಬದುಕಿದವನನ್ನು ಪಕ್ಕದ ತಾಲ್ಲೂಕಿನವರೂ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಬರೀ ಜ್ವರ ಬಂದು ಹೋದವನು ಮೈಕಿನ ಹತ್ತಿರ ಸುಳಿಯುವಂತಿರಲಿಲ್ಲ.

ನನ್ನದು ಬರೀ ಜ್ವರದ ಸಾಕ್ಷಿ. ನಿಜ ಹೇಳಬೇಕೆಂದರೆ ಜ್ವರವೂ ಅಲ್ಲ, ಕಾಮಾಲೆ.

ಆಗ ನಾನು ಬಿಡದಿಯಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಹೆಸರು ಮಾದೇಶ. ಆರು ಜನ ಒಂದು ರೂಮಿನಲ್ಲಿದ್ದೆವು. ಕಾಮಾಲೆಯಾಗಿ ಮಲಗಿದಾಗ ನಾಲ್ವರು ನನ್ನ ತಟ್ಟೆ, ಲೋಟ ಬೇರೆ ಇಟ್ಟು ದೂರ ಸರಿದರು. ಥಾಮಸ್ ಎಂಬ ಒಬ್ಬನೇ, ನೈಟ್ ಶಿಫ್ಟ್ ಮುಗಿಸಿ ಬಂದು ಗಂಜಿ ಬೇಯಿಸಿ ಕೊಡುತ್ತಿದ್ದ. ನನ್ನ ಬಟ್ಟೆ ಒಗೆಯುತ್ತಿದ್ದ, ವಾಂತಿ ಬಾಚುತ್ತಿದ್ದ. ಇಪ್ಪತ್ತು ದಿನ ಹೀಗೆ ನಡೆಯಿತು. ನಮ್ಮೂರ ಕಡೆಯವನಲ್ಲ, ನಮ್ಮ ಜಾತಿಯವನಲ್ಲ, ಏನೂ ಅಲ್ಲ. ಯಾಕೆ ಮಾಡ್ತೀಯ ಎಂದು ಕೇಳಿದರೆ, ಮಾಡ್ಬೇಕಲ್ಲ ಎನ್ನುತ್ತಿದ್ದ. ಒಂದು ದಿನವೂ ಅವನು ನನಗೆ ಉಪದೇಶ ಮಾಡಲಿಲ್ಲ. ನಾನೇ ಅವನ ಬೆನ್ನು ಹತ್ತಿ, ನೀನು ಭಾನುವಾರ ಹೋಗುವ ಕಡೆ ನನ್ನನ್ನೂ ಕರೆದುಕೊಂಡು ಹೋಗು ಎಂದೆ. ನನ್ನ ಬದುಕಿನಲ್ಲಿ ದೇವರು ಮಾಡಿದ್ದು ಅಷ್ಟೇ. ಒಬ್ಬ ಮನುಷ್ಯನ ಕೈಯಲ್ಲಿ ಗಂಜಿ ಕುಡಿಸಿದ. ಅದು ಸಾಕಿತ್ತು. ಈಗ ಯೋಚಿಸಿದರೆ ಅದೇ ಹೆಚ್ಚಾಯಿತು ಅನ್ನಿಸುತ್ತದೆ, ನನ್ನಂಥವನಿಗೆ.

ದೀಕ್ಷಾಸ್ನಾನವಾಯಿತು, ಮ್ಯಾಥ್ಯೂ ಎಂದು ಹೆಸರಾಯಿತು. ಅಪ್ಪನಿಗೆ ಹೇಳಲು ಹೆದರಿಕೊಂಡೇ ಊರಿಗೆ ಹೋದೆ. ಸಾತನೂರಿನ ಹತ್ತಿರ ನಮ್ಮ ಊರು. ಅವ್ವ ನಾನು ಪಿಯುಸಿಯಲ್ಲಿದ್ದಾಗಲೇ ತೀರಿಕೊಂಡಿದ್ದಳು, ಅಪ್ಪ ಒಬ್ಬನೇ ಇದ್ದ. ಹೇಳಿದ್ದನ್ನೆಲ್ಲ ಕೇಳಿ ಅವನು, “ಯಾವ ದೇವ್ರಾದ್ರೇನ್ಲಾ, ಕೈ ಮುಗಿಯೋನು ಸರ್ಯಾಗಿದ್ರೆ ಆಯ್ತು” ಎಂದು ಹೊಲಕ್ಕೆ ಹೊರಟುಹೋದ. ನನ್ನನ್ನು ಮಾದೇಶ ಎಂದೇ ಕರೆಯುತ್ತಿದ್ದ, ಕೊನೆಯವರೆಗೂ.

ಈ ಕೆಂಪಣ್ಣ, ನಮ್ಮಪ್ಪ, ಖಾಸಗಿ ಬಸ್ಸಿನ ಡ್ರೈವರಾಗಿದ್ದವನು. ಕನಕಪುರದಿಂದ ಉಯ್ಯಂಬಳ್ಳಿ ಕಡೆಗೆ ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ. ಧೂಳಿಗೆ, ಬಿಸಿಲಿಗೆ ಅವನ ಕಣ್ಣು ಸದಾ ಕೆಂಪಗಿರುತ್ತಿತ್ತು. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿತ್ತು, ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಕೊನೆಯ ಟ್ರಿಪ್ಪು ಮುಗಿಸಿ ಬರುವಾಗ ಸುಸ್ತಿಗೆ ಕಾಲು ಎಳೆಯುತ್ತಿದ್ದ. ಇವಿಷ್ಟೂ ನಿಜ. ಇದೇ ನಿಜಗಳನ್ನು ಇಟ್ಟಿಗೆ ಮಾಡಿಕೊಂಡು ನಾನು ಆ ಸುಳ್ಳಿನ ಮನೆ ಕಟ್ಟಿದ್ದು. ಕೆಂಪು ಕಣ್ಣು, ಕಿರುಚುವ ಗಂಟಲು, ತೂರಾಡುವ ಕಾಲು. ಹೇಳಿ, ಯಾರಿಗಾದರೂ ಅನುಮಾನ ಬರುತ್ತದೆಯೇ?

ಶುರುವಾದದ್ದು ಹೀಗೆ. ಕನಕಪುರದಲ್ಲಿ ಸಿಮೆಂಟ್ ಅಂಗಡಿಯ ಮಹಡಿಯ ಮೇಲೆ ನಮ್ಮ ಪ್ರಾರ್ಥನಾಲಯ. ಒಂದು ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ನನಗೆ ಸಾಕ್ಷಿ ಹೇಳುವ ಅವಕಾಶ ಕೊಟ್ಟರು. ಥಾಮಸ್ಸನ ಗಂಜಿಯ ಕತೆ ಹೇಳಿದೆ. ಒಂದು ಮಗು ಅತ್ತಿತು, ಇಬ್ಬರು ಆಕಳಿಸಿದರು, ಮುಂದಿನ ಸಾಲಿನ ಹಿರಿಯರು ಮೊಬೈಲ್ ನೋಡಿಕೊಂಡರು. ನನ್ನ ನಂತರ ಎದ್ದವನು ಚಾಕು ಹಿಡಿದು ತಿರುಗುತ್ತಿದ್ದವನು. ಅವನಿಗೆ ಬಿದ್ದ ಚಪ್ಪಾಳೆ ಕೇಳಿ ನನ್ನ ಹೊಟ್ಟೆ ಉರಿಯಿತು. ಹೌದು, ಉಪವಾಸದ ಹೊಟ್ಟೆಯೇ. ದೇವರ ಮನೆಯಲ್ಲಿ ಕೂತು, ನನಗೆ ಒಬ್ಬ ಕೆಟ್ಟ ಅಪ್ಪನಾದರೂ ಇದ್ದಿದ್ದರೆ ಎಂದು ಅಂದುಕೊಂಡೆ. ಆ ಯೋಚನೆ ಬಂದದ್ದು ಪಾಸ್ಟರ್‌ಗೂ ಮೊದಲು ನನಗೆ. ಪಾಪವನ್ನೆಲ್ಲ ಅವರ ಮೇಲೆ ಹಾಕಿ ಕೈ ತೊಳೆಯಲು ಇದನ್ನು ಬರೆಯುತ್ತಿಲ್ಲ.

ಪಾಸ್ಟರ್ ದಯಾನಂದ ಅವರು ಕೆಟ್ಟವರಲ್ಲ. ವ್ಯಾಪಾರ ಗೊತ್ತಿದ್ದವರು, ಅಷ್ಟೇ. ಕೂಟ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದರು. “ಬ್ರದರ್, ನಿಮ್ಮ ಸಾಕ್ಷೀಲಿ ಕತ್ಲೆನೇ ಇಲ್ವಲ್ಲ. ಕತ್ಲೆ ಇಲ್ದೆ ಬೆಳಕು ಹೆಂಗೆ ಕಾಣ್ಬೇಕು ಜನಕ್ಕೆ? ಮನೇಲಿ ಯಾರೂ ಕುಡೀತಿರ್ಲಿಲ್ವಾ?”

“ಅಪ್ಪ... ಒಸಿ” ಎಂದೆ.

ಒಸಿ! ಸ್ವಲ್ಪ ಎಂಬ ಆ ಒಂದು ಮಾತೇ ಸಾಕಾಯಿತು. ಆ ವಾರ ಒಸಿ ಕುಡಿಯುತ್ತಿದ್ದ ಅಪ್ಪ ಮುಂದಿನ ತಿಂಗಳಿಗೆ ದಿನಾ ಕುಡಿಯುತ್ತಿದ್ದ. ಆರು ತಿಂಗಳಿಗೆ ಅವ್ವನಿಗೆ ಬೆಲ್ಟಿನಲ್ಲಿ ಹೊಡೆಯಲು ಶುರುಮಾಡಿದ. ವರ್ಷ ತುಂಬುವುದರಲ್ಲಿ ತಾಳಿ ಅಡವಿಟ್ಟ. ಚನ್ನಪಟ್ಟಣದ ಸಭೆಯಲ್ಲಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು ಎಂದು ರಾಮನಗರದಲ್ಲಿ ಇನ್ನೂ ಎರಡು ಪೆಟ್ಟು ಜಾಸ್ತಿ ಹೊಡೆಸಿದೆ. ಸತ್ತವಳು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ. ನಾನು ಪ್ರಾರ್ಥನೆ ಮಾಡಿದ ಮೇಲೆ ಅಪ್ಪ ಕುಡಿತ ಬಿಟ್ಟ ಎಂದು ಮುಗಿಸುತ್ತಿದ್ದೆ. ಕುಡಿಯದವನಿಗೆ ಕುಡಿತ ಬಿಡಿಸುವಂಥ ಸುಲಭದ ಪವಾಡ ಇನ್ನೊಂದಿಲ್ಲ. ಅಪ್ಪನ ಕತೆಯಿಂದ ನನಗೆ ಹೆಸರು ಬಂತು, ಕರೆ ಬಂತು, ಫ್ಯಾಕ್ಟರಿ ಬಿಟ್ಟು ಪೂರ್ತಿ ಸೇವೆಗೆ ನಿಂತೆ. ಸೇವೆ ಎಂದೇ ಕರೆಯುತ್ತಿದ್ದೆ. ತಂದೆತಾಯಿಗೆ ಮರ್ಯಾದೆ ಕೊಡಬೇಕು, ಇನ್ನೊಬ್ಬರ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂದು ಮಕ್ಕಳಿಗೆ ಭಾನುವಾರದ ಪಾಠದಲ್ಲಿ ಕಲಿಸುತ್ತಿದ್ದವನೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನಾನು ಬದನೆಕಾಯಿಯ ತೋಟವನ್ನೇ ಮಾಡಿದ್ದೆ.

ಅಪ್ಪನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಬಸ್ಸು ಬಿಟ್ಟ ಮೇಲೆ ಊರಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುತ್ತಿದ್ದ. ನಾನು ಹಬ್ಬಕ್ಕೆ ಹೋದರೆ ಕೋಳಿ ಕುಯ್ಯುತ್ತಿದ್ದ. ಮಗ ಏನೋ ಒಳ್ಳೆಯ ಕೆಲಸದಲ್ಲಿದ್ದಾನೆ, ನಾಲ್ಕು ಜನರಿಗೆ ಬುದ್ಧಿ ಹೇಳುತ್ತಾನೆ ಎಂದು ಊರವರ ಮುಂದೆ ಹೇಳಿಕೊಳ್ಳುತ್ತಿದ್ದನಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅವನ ಹೆಗ್ಗಣ ಅವನ ಮನೆಯ ಗೋಡೆಯನ್ನೇ ಕೊರೆಯುತ್ತಿತ್ತು.

ಏಳು ವರ್ಷದ ಹಿಂದೆ ಕನಕಪುರದ ಹೊರಗೆ ಒಂದು ಮೈದಾನದಲ್ಲಿ ನಮ್ಮ ದೊಡ್ಡ ಸುವಾರ್ತಾ ಕೂಟ ನಡೆಯಿತು. ಅಂದು ನನ್ನನ್ನು ಸುವಾರ್ತಿಕನಾಗಿ, ಅಂದರೆ ಊರೂರು ತಿರುಗಿ ಬೋಧಿಸುವವನಾಗಿ, ಅಭಿಷೇಕ ಮಾಡುವುದಿತ್ತು. ಆ ಸುಖವನ್ನು ಅಪ್ಪ ನೋಡಲಿ ಎಂದು ಕರೆದೆ. ಬೆಳಗಿನ ಸಾಕ್ಷಿಯೆಲ್ಲ ಮುಗಿದಿರಲಿ ಎಂದು ಲೆಕ್ಕ ಹಾಕಿ, ಹನ್ನೊಂದೂವರೆಗೆ ಬಾ ಎಂದಿದ್ದೆ. ಇಪ್ಪತ್ತಾರು ವರ್ಷ ಬೇರೆಯವರನ್ನು ಸರಿಯಾದ ಹೊತ್ತಿಗೆ ಮುಟ್ಟಿಸಿದವನು ತಾನು ತಡವಾಗಿ ಬರುತ್ತಾನೆಯೇ? ಒಂಬತ್ತಕ್ಕೇ ಬಂದು, ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತಿದ್ದ.

ನಾನು ಅವನನ್ನು ನೋಡಿದ್ದು ಸಾಕ್ಷಿಯ ನಡುವೆ. ಕುಡಿದು ಬಸ್ಸು ಓಡಿಸುತ್ತಿದ್ದರು ಎಂಬಲ್ಲಿಗೆ ಬಂದಿದ್ದೆ. ಕಣ್ಣಿಗೆ ಕಣ್ಣು ಸೇರಿತು. ಅಲ್ಲಿ ನಿಲ್ಲಿಸಬಹುದಿತ್ತು. ಗಂಟಲು ಹಿಡಿಯಿತು ಎಂದು ನೀರು ಕೇಳಬಹುದಿತ್ತು, ಹಾಡು ಎತ್ತಿಕೊಳ್ಳಬಹುದಿತ್ತು, ಎಷ್ಟೋ ದಾರಿ ಇತ್ತು. ನಿಲ್ಲಿಸಲಿಲ್ಲ. ಮುಂದಿನ ವಾಕ್ಯ ಬಾಯಿಪಾಠವಾಗಿತ್ತು, ಅದು ತಾನಾಗಿ ಬಂತು — ನಮ್ಮ ತಾಯಿಗೆ ಬೆಲ್ಟಿನಲ್ಲಿ ಹೊಡೆಯುತ್ತಿದ್ದರು. ತಾಳಿಯೂ ಬಂತು. ಅಳುವೂ ಬಂತು, ಬರಬೇಕಾದ ಜಾಗಕ್ಕೆ ಸರಿಯಾಗಿ. ಅಪ್ಪನ ಮುಖ ನೋಡುತ್ತಲೇ ಹೇಳಿ ಮುಗಿಸಿದೆ.

ಯಾರೋ ಪಾಸ್ಟರ್ ಕಿವಿಯಲ್ಲಿ, ಬ್ರದರ್ ಮ್ಯಾಥ್ಯೂ ಅವರ ತಂದೆ ಇಲ್ಲೇ ಇದ್ದಾರೆ ಎಂದು ಊದಿದರು. ಪಾಸ್ಟರ್ ಮುಖ ಅರಳಿತು. ಇಬ್ಬರು ಹೋಗಿ ಅಪ್ಪನನ್ನು ತೋಳು ಹಿಡಿದು ವೇದಿಕೆಗೆ ಕರೆತಂದರು. ಪಾಸ್ಟರ್ ಅವನ ಮುಂದೆ ಮೈಕು ಹಿಡಿದು, ನಿಮ್ಮ ಮಗ ಹೇಳಿದ್ದು ನಿಜವೇನಪ್ಪ ಎಂದು ಕೇಳಿದರು. ಸಾವಿರಾರು ಜನ ಕತ್ತು ಉದ್ದ ಮಾಡಿದರು. ಅಪ್ಪ ಒಂದು ಸಲ ನನ್ನ ಕಡೆ ನೋಡಿದ. ಈಗ ನಾನು ಮುಗಿದೆ ಎಂದುಕೊಂಡೆ. ನಿಜವಾಗಿ ಆಗಲೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಅವನು ಕೈ ಮುಗಿದ. “ಹೂಂ ಸ್ವಾಮಿ. ಕುಡೀತಿದ್ದೆ. ಈಗ ಬುಟ್ಬುಟ್ಟಿವ್ನಿ.”

ಮೈದಾನ ಹಾರಿಹೋಗುವ ಹಾಗೆ ಚಪ್ಪಾಳೆ. ನಾನು — ಇದನ್ನು ಬರೆಯುವಾಗ ಕೈ ಹೇಸುತ್ತದೆ — ನಾನು ಮೈಕಿಗೆ ಬಾಯಿ ಇಟ್ಟು ಹಲ್ಲೆಲೂಯಾ ಎಂದೆ.

ಮಾಡದ ಪಾಪವನ್ನು ತನ್ನ ಮೇಲೆ ಹೊತ್ತುಕೊಂಡವನ ಕತೆಯನ್ನು ಹೇಳುವುದೇ ನನ್ನ ಉದ್ಯೋಗ. ಅದನ್ನು ಎಷ್ಟು ಸಲ ಬೋಧಿಸಿದ್ದೇನೋ ಲೆಕ್ಕವಿಲ್ಲ. ಒಂದು ಮೊಳ ದೂರದಲ್ಲಿ, ಬಿಳಿ ಶರಟು ಹಾಕಿಕೊಂಡು, ಅದೇ ಕೆಲಸವನ್ನು ಒಬ್ಬ ಮುದುಕ ನನಗಾಗಿ ಮಾಡಿದಾಗ ನನಗೆ ಗುರುತೇ ಹತ್ತಲಿಲ್ಲ. ಅವನು ನನ್ನ ಸಭೆಯವನೂ ಅಲ್ಲ. ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ಹೋಗಿಬರುವವನು. ಅವನ ಉದ್ಧಾರಕ್ಕೆ ನಾನು ಪ್ರತಿ ರಾತ್ರಿ ಪ್ರಾರ್ಥನೆ ಮಾಡುತ್ತಿದ್ದೆನಂತೆ, ಕೇಳಿ!

ಸಂಜೆ ಬೈಕಿನಲ್ಲಿ ಅವನನ್ನು ಊರಿಗೆ ಬಿಟ್ಟೆ. ಮನೆಯ ಮುಂದೆ ಇಳಿದು, ವೇದಿಕೆಯಲ್ಲಿ ಹಾಕಿದ ಹಾರದಿಂದ ಶರಟಿನ ಮೇಲೆ ಉದುರಿದ್ದ ಎಸಳು ಒದರಿಕೊಂಡು, ಬೈಯುವ ದನಿಯಲ್ಲೂ ಅಲ್ಲ, ಲೆಕ್ಕ ತಿಳಿಯದವನು ಕೇಳುವ ಹಾಗೆ ಕೇಳಿದ. “ನಂದು ಹೋಗ್ಲಿ ಬುಡ್ಲಾ. ಸತ್ತೋಗಿರೋಳ್ನ ಯಾಕ್ಲಾ ಹೊಡುಸ್ದೆ?”

ನಾನು ಏನೋ ತೊದಲಿದೆ. ಆತ್ಮಗಳ ರಕ್ಷಣೆ, ಜನಕ್ಕೆ ಮನಮುಟ್ಟುವಂತೆ... ಅವನು ಕೇಳಿಸಿಕೊಳ್ಳದೆ ಹುಳದ ಮನೆಗೆ ಹೋದ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಬರದಿದ್ದುದರಿಂದ ನಾನು ಕ್ಷಮೆ ಸಿಕ್ಕಿತೆಂದು ತಿಳಿದುಕೊಂಡೆ. ಅಷ್ಟೇ ಅಲ್ಲ, ಮುಂದಿನ ಸಭೆಗಳಲ್ಲಿ ಸಾಕ್ಷಿಯ ಕೊನೆಗೆ ಹೊಸ ಬಾಲ ಸೇರಿಸಿದೆ. ನಮ್ಮ ತಂದೆ ತಾವೇ ವೇದಿಕೆ ಹತ್ತಿ ಒಪ್ಪಿಕೊಂಡರು! ಅಪ್ಪ ನನ್ನ ಮಾನ ಉಳಿಸಲು ಹೇಳಿದ ಸುಳ್ಳು ನನಗೆ ಪುರಾವೆಯಾಯಿತು.

ಇಲ್ಲಿಗೆ ನಿಂತಿದ್ದರೆ ಇದು ಅಪ್ಪ ಮಗನ ಮಾತಾಗಿರುತ್ತಿತ್ತು. ಪುಟ್ಟತಾಯಮ್ಮನ ವಿಷಯ ಇನ್ನು ಹೇಳಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಬಸ್ಸು ಒಂದು ತಿರುವಿನಲ್ಲಿ ಮುಂದಿನ ಟೈರು ಸಿಡಿದು ಹಳ್ಳಕ್ಕೆ ಇಳಿದಿತ್ತು. ಒಂದು ಜೀವ ಹೋಯಿತು. ಪಕ್ಕದ ಊರಿನ ಪುಟ್ಟತಾಯಮ್ಮನ ಮಗ ರವಿ, ಕನಕಪುರದ ಕಾಲೇಜಿಗೆ ಹೊರಟಿದ್ದವನು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ. ಅಪ್ಪ ತನ್ನ ಹಣೆಯಿಂದ ರಕ್ತ ಸೋರುತ್ತಿದ್ದರೂ ಆಸ್ಪತ್ರೆಯಲ್ಲಿ ಮೊದಲು ಕೇಳಿಕೊಂಡದ್ದು, ನಾನು ಕುಡಿದಿದ್ದೀನಾ ಅಂತ ಪರೀಕ್ಷೆ ಮಾಡಿ ಬರೆದುಕೊಳ್ಳಿ ಎಂದು. ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಡ್ರೈವರದು ತಪ್ಪಿಲ್ಲ ಎಂದರು, ಕೇಸು ಬಿದ್ದುಹೋಯಿತು. ಆದರೂ ಅಪ್ಪ ಎದ್ದು ಓಡಾಡುವಂತಾದ ದಿನವೇ ಅವಳ ಮನೆಗೆ ಹೋಗಿ ಜಗಲಿಯ ಕೆಳಗೆ ಕೂತ. ಒಳಗೆ ಕರೆಯುವವರೆಗೂ ಏಳಲಿಲ್ಲವಂತೆ. ಅಂದಿನಿಂದ ಅವಳಿಗೆ ಅಣ್ಣನಾದ. ಅವಳ ಹೊಲದ ಉಳುಮೆ, ಮನೆಯ ಹೆಂಚು, ಆಸ್ಪತ್ರೆ, ಎಲ್ಲಕ್ಕೂ ಇವನೇ ಓಡುತ್ತಿದ್ದ. ಅವಳು ಸೊಗಡವರೆಕಾಯಿ ಬಿಟ್ಟ ಕಾಲಕ್ಕೆ ಒಂದು ಚೀಲ ತಪ್ಪದೆ ನಮ್ಮ ಮನೆಗೆ ತರುತ್ತಿದ್ದಳು. ಮಗ ಹೋದದ್ದು ಹಣೆಬರಹ, ಯಾರ ತಪ್ಪೂ ಅಲ್ಲ ಎಂಬ ಒಂದು ನಂಬಿಕೆಯನ್ನು ಹಿಡಿದುಕೊಂಡು ಅವಳು ಬದುಕಿದ್ದಳು. ಅಪ್ಪನೂ ಅದನ್ನೇ ಹಿಡಿದುಕೊಂಡು ಬದುಕಿದ್ದ ಎಂದು ಈಗ ಅನ್ನಿಸುತ್ತದೆ.

ಕೂಟದ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿದು ಅವಳ ಊರಿಗೂ ಮುಟ್ಟಿತು. ಅವಳ ತಮ್ಮನ ಮಗಳು ತೋರಿಸಿದಳಂತೆ. ಕುಡಿದು ಬಸ್ಸು ಓಡಿಸುತ್ತಿದ್ದರು ಎಂದು ನಾನು, ಹೌದು ಎಂದು ಅಪ್ಪ. ಇನ್ನೇನು ಬೇಕು?

ಅವಳು ಬಂದ ದಿನ ನಾನು ಊರಲ್ಲೇ ಇದ್ದೆ. ಮಧ್ಯಾಹ್ನ. ಅಪ್ಪ ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆಯುತ್ತಿದ್ದ. ಕೊಟ್ಟ ನೀರು ಮುಟ್ಟದೆ, ನಿಂತೇ ಕೇಳಿದಳು. “ಅಣ್ಣಾ, ನನ್ ಮಗ ಸತ್ ದಿನಾನೂ ಕುಡಿದಿದ್ದೇನಣ್ಣಾ?”

“ಇಲ್ಲ ಕಣವ್ವಾ. ಅವತ್ತು ಕುಡಿದಿರ್ನಿಲ್ಲ.”

“ಇನ್ಯಾವತ್ತು ಕುಡೀತಿದ್ದೆ ಮತ್ತೆ?”

ಯಾವತ್ತೂ ಇಲ್ಲ ಎಂದರೆ ಮಗ ಸುಳ್ಳುಗಾರ. ಒಮ್ಮೆ ಹೌದು ಎಂದವನು ಈಗ ಇಲ್ಲ ಎಂದರೆ ಯಾರು ನಂಬುತ್ತಾರೆ? ಆಸ್ಪತ್ರೆಯ ಕಾಗದ ಇತ್ತಲ್ಲವ್ವ ಎಂದು ಮೆಲ್ಲಗೆ ಅಂದ. ಬಸ್ಸಿನ ಓನರು ಕಾಗದ ಬರೆಸಿರ್ತಾನೆ ಬಿಡು ಎಂದಳು. ಆಗ ಅವನು ನನ್ನ ಕಡೆ ತಿರುಗಿದ. ಅವಳೂ ತಿರುಗಿದಳು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಒಂದು ಮಾತು ಸಾಕಿತ್ತು. ಅಲ್ಲಿ ಮೈಕಿರಲಿಲ್ಲ, ಪಾಸ್ಟರ್ ಇರಲಿಲ್ಲ, ಸಾವಿರ ಜನ ಇರಲಿಲ್ಲ. ಇದ್ದವರು ಇಬ್ಬರು ಮುದುಕರು. ಆದರೆ ಅವಳ ಜೊತೆ ಬಂದಿದ್ದ ತಮ್ಮನ ಮಗಳು ಬಾಗಿಲಲ್ಲಿ ಮೊಬೈಲ್ ಹಿಡಿದುಕೊಂಡು ನಿಂತಿದ್ದಳು, ಮಾತು ಹೊರಗೆ ಹೋದರೆ ನನ್ನ ಸೇವೆ — ಥೂ, ಸೇವೆಯಂತೆ.

ನಾನು ದನಿ ತಗ್ಗಿಸಿ, ಪ್ರಾರ್ಥನೆಯ ದನಿಯಲ್ಲಿ ಹೇಳಿದೆ. “ಅಮ್ಮಾ, ದೇವರು ಅಪ್ಪನ್ನ ಕ್ಷಮಿಸಿದಾನೆ. ನೀವೂ ಕ್ಷಮಿಸಿಬಿಡಿ.”

ಇದೇ ನಾನು ಒಪ್ಪಿಸಲು ಬಂದಿರುವ ಪಾಪ. ಹಿಂದಿನದ್ದೆಲ್ಲ ಹೊಟ್ಟೆಕಿಚ್ಚು, ಹೆಸರಿನ ಆಸೆ, ಜನ ಮಾಡುವಂಥದ್ದೇ. ಇದು ಹಾಗಲ್ಲ. ನಮ್ಮ ಧರ್ಮದಲ್ಲಿ ಇರುವ ಅತಿ ಒಳ್ಳೆಯ ಮಾತನ್ನು ಎತ್ತಿಕೊಂಡು ನಾನು ಅಪ್ಪನನ್ನು ಕೊಲೆಗಾರನನ್ನಾಗಿ ಮಾಡಿದೆ. ಅವಳು ಅಪ್ಪನ ಮುಖಕ್ಕೆ ಒಂದು ಹಿಡಿ ಮಣ್ಣು ತೂರಿ, ನಿನ್ನ ವಂಶ ನಿಲ್ಲದಿರಲಿ ಎಂದು ಹೇಳಿ ಹೊರಟುಹೋದಳು. ಅವನು ಮುಖ ಒರೆಸಿಕೊಳ್ಳಲಿಲ್ಲ. ನಾನು ಟವೆಲ್ಲು ತಂದು ಕೊಟ್ಟೆ. ಅಷ್ಟು ಉಪಕಾರ ಮಾಡಿದೆ.

ಆಮೇಲೆ ಅಪ್ಪ ಆ ಊರಿನ ಕಡೆ ಹೋಗಲಿಲ್ಲ. ಅರಳಿಕಟ್ಟೆಗೆ ಹೋಗುವುದನ್ನೂ ಬಿಟ್ಟ. ಬಸ್ಸಿನಲ್ಲಿ ಅವನ ಹಿಂದೆ ಕೂತು ನಿದ್ದೆ ಮಾಡಿಕೊಂಡು ಬೆಳೆದವರೇ ಅವನನ್ನು ಕಂಡು ನಗುತ್ತಿದ್ದರು. ಎರಡು ವರ್ಷ ಕಳೆದು, ನಾನು ಮಾಗಡಿಯಲ್ಲಿ ಒಂದು ಕೂಟದಲ್ಲಿದ್ದಾಗ, ತೀರಿಕೊಂಡ. ಹೊಲದ ಮೂಲೆಯಲ್ಲಿ ಅವ್ವನ ಪಕ್ಕ ಮಣ್ಣು ಮಾಡಿದೆವು. ಇಪ್ಪತ್ತಾರು ವರ್ಷ ಊರೂರಿಗೆ ಬಸ್ಸು ಓಡಿಸಿದವನ ಮಣ್ಣಿಗೆ ಒಂದು ಮಿನಿಬಸ್ಸು ತುಂಬುವಷ್ಟು ಜನ ಬರಲಿಲ್ಲ. ನಮ್ಮ ಪಾಸ್ಟರ್ ಬಂದು, ಕುಡುಕನಾಗಿದ್ದ ಈ ತಂದೆಯನ್ನು ಕರ್ತನು ಎಂದು ಶುರುಮಾಡಿದರು. ನಾನು ತಲೆ ತಗ್ಗಿಸಿ ಆಮೆನ್ ಎಂದೆ.

ಅದಾದ ಮೇಲೂ ನಾಲ್ಕು ವರ್ಷ ನಾನು ಸಾಕ್ಷಿ ಹೇಳುತ್ತಲೇ ಇದ್ದೆ. ಯಾವುದೋ ದರ್ಶನವಾಗಿ ನಿಲ್ಲಿಸಿದ್ದಲ್ಲ. ಕೆಲವು ತಿಂಗಳ ಹಿಂದೆ ರೇಷ್ಮೆ ನೂಲು ತೆಗೆಯುವ ಕೆಲಸದ ಸಿಸ್ಟರ್ ಒಬ್ಬರು ರಾಮನಗರದಿಂದ ಬಂದಿದ್ದರು. ಅವರ ಮೊದಲ ಸಾಕ್ಷಿ, ತಿದ್ದಿ ಕೊಡುವ ಕೆಲಸ ನನ್ನದು. ಗಂಡ ಒಳ್ಳೆಯವನು, ಅತ್ತೆ ಒಳ್ಳೆಯವರು, ಇಲ್ಲಿ ಹಾಡಿದರೆ ಮನಸ್ಸಿಗೆ ಹಾಯಾಗುತ್ತದೆ, ಬಿಸಿನೀರಿನಲ್ಲಿ ಬೆಂದ ಕೈ ನೋವೂ ಮರೆಯುತ್ತದೆ ಎಂದರು. ನನ್ನ ಬಾಯಿ ತಾನಾಗಿ ಕೇಳಿತು, ಮನೆಯಲ್ಲಿ ಯಾರೂ ಕುಡಿಯಲ್ವಾ ಸಿಸ್ಟರ್? ಆ ಹೆಂಗಸು ಪಾಪ, ತುಂಬಾ ಯೋಚನೆ ಮಾಡಿ, “ನಮ್ಮತ್ತೆ ಒಸಿ ಎಲೆಅಡಿಕೆ ಹಾಕ್ತಾರೆ ಬ್ರದರ್, ಅದು ಆಯ್ತದಾ?” ಎಂದರು. ನನಗೆ ನಗು ಬಂತು. ನಕ್ಕೆ. ನಗುತ್ತಿದ್ದಂತೆಯೇ ಆ ಪ್ರಶ್ನೆ ಯಾರದೆಂದು ನೆನಪಾಗಿ, ಹೊರಗೆ ಹೋಗಿ ಮೋರಿಯ ಹತ್ತಿರ ಕೂತೆ.

ಆ ಭಾನುವಾರವೇ ಸಭೆಯಲ್ಲಿ ಎದ್ದು ನಿಂತು ಎಲ್ಲ ಹೇಳಿದೆ. ಅಪ್ಪ ಕುಡಿಯುತ್ತಿರಲಿಲ್ಲ, ನಾನು ಸುಳ್ಳುಗಾರ ಎಂದು. ಏನಾಯಿತು ಗೊತ್ತೇ? ಕಲ್ಲು ಬೀಳಲಿಲ್ಲ, ಬೈಗುಳ ಬೀಳಲಿಲ್ಲ. ಪಾಸ್ಟರ್ ಬಂದು ತಬ್ಬಿಕೊಂಡು, ಎಂಥ ಪಶ್ಚಾತ್ತಾಪದ ಸಾಕ್ಷಿ, ಕರ್ತನಿಗೆ ಸ್ತೋತ್ರ ಎಂದರು. ಜನ ಚಪ್ಪಾಳೆ ತಟ್ಟಿದರು. ಹಿಂದೆಂದೂ ನನಗೆ ಅಷ್ಟು ಬಿದ್ದಿರಲಿಲ್ಲ. ಚನ್ನಪಟ್ಟಣದವರು ಅಂದೇ ಸಂಜೆ ಫೋನ್ ಮಾಡಿ, ಅದನ್ನೇ ನಮ್ಮಲ್ಲೂ ಹೇಳಿ ಎಂದರು. ಸುಳ್ಳನ್ನು ಮಾರಿ ಬದುಕಿದವನಿಗೆ ಈಗ ನಿಜಕ್ಕೂ ಗಿರಾಕಿ! ಫೋನ್ ಇಟ್ಟುಬಿಟ್ಟೆ. ಮಾರನೆಯ ದಿನ ಸೇವೆಗೆ ರಾಜೀನಾಮೆ ಬರೆದುಕೊಟ್ಟೆ. ನಾನು ಹೇಳಬೇಕಾದ ಕಿವಿಗಳು ಆ ಮಹಡಿಯ ಮೇಲೆ ಇರಲಿಲ್ಲ.

ಪುಟ್ಟತಾಯಮ್ಮನ ಮನೆಗೆ ಹೋದದ್ದು ಕಳೆದ ವಾರ. ಬೆಳಗಿನ ಹೊತ್ತು. ಅವಳು ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ತುಂಬಾ ಕುಗ್ಗಿದ್ದಾಳೆ. ಕೆಂಪಣ್ಣನ ಮಗ ಎಂದಾಗ ಮೊರ ನಿಂತಿತು, ಮುಖ ಎತ್ತಲಿಲ್ಲ. ನಾನು ಯಾವ ವಾಕ್ಯವನ್ನೂ ಎತ್ತಿಕೊಳ್ಳದೆ, ಅಳದೆ, ಮೊದಲಿಂದ ಹೇಳಿದೆ. ಅಳು ಬರುತ್ತಿತ್ತು, ಆದರೆ ನನ್ನ ಅಳುವಿನ ಮೇಲೆ ನನಗೇ ನಂಬಿಕೆ ಇಲ್ಲ. ಒಸಿ ಎಂದದ್ದು, ಬೆಲ್ಟು, ತಾಳಿ, ವೇದಿಕೆಯ ಮೇಲೆ ಅಪ್ಪ ಕೈ ಮುಗಿದದ್ದು, ಆ ಮಧ್ಯಾಹ್ನ ನಾನು ಆಡಿದ ಮಾತು. ಅವನು ಒಂದು ದಿನವೂ ಕುಡಿದವನಲ್ಲ ತಾಯಿ ಎಂದೆ. ನಿಮ್ಮ ಮಗ ಸತ್ತದ್ದು ಟೈರು ಸಿಡಿದು.

ಅವಳು ರಾಗಿಯೊಳಗೆ ಬೆರಳಾಡಿಸುತ್ತಿದ್ದಳು. ನನ್ನನ್ನು ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾಯುತ್ತಿದ್ದೆ. ಅದಕ್ಕೆ ಸಿದ್ಧನಾಗಿಯೇ ಹೋಗಿದ್ದೆ, ಉಗಿಸಿಕೊಂಡರೆ ಹಗುರಾಗುತ್ತೇನೆ ಎಂಬ ಲೆಕ್ಕ. ಅದರಲ್ಲೂ ನನ್ನ ಲಾಭವೇ. ಅವಳಿಗೆ ನಾನು ಅಲ್ಲಿದ್ದೇನೆ ಎಂಬ ನೆನಪೂ ಇದ್ದಂತಿರಲಿಲ್ಲ.

“ಸತ್ತ ಸುದ್ದಿ ಬಂದಾಗ ತಲೆ ಮ್ಯಾಲೆ ನೀರು ಉಯ್ಕೊಂಡೆ ಕಣಪ್ಪಾ, ಪೀಡೆ ತೊಲಗ್ತು ಅಂತ” ಎಂದಳು. “ಮಣ್ಣಿಗೂ ಹೋಗ್ನಿಲ್ಲ. ನನ್ ಕಣ್ಣೀರು ಒರೆಸ್ದೋನ ಮಕಕ್ಕೆ ಮಣ್ಣು ತೂರ್ದೆ. ಈಗ ನಾ ಯಾರ್ ತಾವ ಹೋಗಿ ತಪ್ಪಾಯ್ತು ಅನ್ಲಿ, ಹೇಳು.”

ಹದಿನಾಲ್ಕು ವರ್ಷ ಕ್ಷಮೆಯ ಬಗ್ಗೆ ಮಾತಾಡಿ ಬದುಕಿದವನು ನಾನು. ಯಾರು ಏನು ಕೇಳಿದರೂ ಉತ್ತರ ನಾಲಗೆಯ ತುದಿಯಲ್ಲಿರುತ್ತಿತ್ತು. ಏನೂ ತಪ್ಪು ಮಾಡದ ಆ ಮುದುಕಿಯ ತಲೆಯ ಮೇಲೂ ಒಂದು ಪಾಪ ಹೊರಿಸಿಬಿಟ್ಟಿದ್ದೇನೆ, ಅದನ್ನು ಇಳಿಸಬಲ್ಲವನು ಮಣ್ಣಿನಲ್ಲಿದ್ದಾನೆ. ಹೋದವನಿಗೆ ಮಾಡಿದ್ದು ಒಂದಾದರೆ ಇದ್ದವಳಿಗೆ ಮಾಡಿದ್ದು ಇದು.

ಅವಳೇ ಎದ್ದಳು. ಸೆರಗು ಸರಿಮಾಡಿಕೊಂಡು, ಎಲ್ಲಿ ಮಡಗಿದ್ದೀರಿ ನಿಮ್ಮಪ್ಪನ್ನ ಎಂದು ಕೇಳಿದಳು. ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ನನ್ನ ಹೆಗಲು ಹಿಡಿದುಕೊಳ್ಳದೆ, ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಹೊಲದ ಬದುವಿನ ಹತ್ತಿರ ಇಳಿದಾಗ ನಾನೂ ಹೆಜ್ಜೆ ಹಾಕಿದೆ.

“ನೀ ಇಲ್ಲೇ ಇರು. ಬರ್ಬ್ಯಾಡ” ಎಂದಳು.

ನಿಂತೆ. ಅವಳು ಹಿಪ್ಪುನೇರಳೆ ಸಾಲಿನ ನಡುವೆ ಒಬ್ಬಳೇ ನಡೆದುಹೋಗಿ ಅಪ್ಪನ ತಲೆಯ ಕಡೆ ಕೂತಳು. ಗಿಡಗಳ ಮೇಲೆ ಅವಳ ತಲೆಯಷ್ಟೇ ಕಾಣುತ್ತಿತ್ತು. ಮಾತಾಡುತ್ತಿದ್ದಳು, ಬಹಳ ಹೊತ್ತು ಮಾತಾಡಿದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ.